ಸೋಮವಾರದ ತನಕ

ಅವನ ಕೈಯಲ್ಲಿದ್ದದ್ದನ್ನು ನೋಡಿ ಸಂಘದ ಆಫೀಸಿನಲ್ಲಿ ಕೂತಿದ್ದ ಹೆಂಗಸರೆಲ್ಲ ಗೋಡೆಗೆ ಸರಿದರು. ದಪ್ಪ ಗಾಜಿನ ಕೊಳವೆ, ಅದರ ತಲೆಗೆ ಕರಿ ರಬ್ಬರಿನ ಬುರುಡೆ.

"ಇಂಜೆಕ್ಷನ್ ಮಾಡಾವ್ರು ನಾಳೆ ಬರ್ತೇವಿ ಅಂದಿದ್ರಲ್ರಿ?" ಗೀತಾಂಜಲಿ ಕುರ್ಚಿಯಿಂದ ಏಳದೆ ಕೇಳಿದಳು. "ಅದೂ ಇಷ್ಟು ದೊಡ್ಡ ಸೂಜಿ! ಎಮ್ಮಿಗೇನ್ರಿ?"

"ಬ್ಯಾಟರಿಗ್ರಿ. ಮನಷ್ಯಾರಿಗೆ ಚುಚ್ಚೂದಿಲ್ಲ. ಮ್ಯಾನೇಜರ್ ಸಾಹೇಬ್ರು ಅದಾರೇನ್ರಿ?"

"ನಾನ ಮ್ಯಾನೇಜರ್."

ಅವನ ಕಿವಿಗಳು ಕೆಂಪಾದವು. ಹೆಂಗಸರು ನಕ್ಕರು. ಗೀತಾಂಜಲಿಗೂ ನಗು ಬಂತು, ಆದರೆ ಅವಳು ರಿಜಿಸ್ಟರಿನೊಳಗೆ ತಲೆ ಬಗ್ಗಿಸಿ ನಕ್ಕಳು.

ಅದು 2002ರ ಮಾರ್ಚ್. ಗೋಪನಕೊಪ್ಪದ ಆ ಹೊಸ ಓಣಿಯ ಮನೆಗಳಿಗೆ ಹಕ್ಕುಪತ್ರವಿರಲಿಲ್ಲ, ಹಾಗಾಗಿ ಕರೆಂಟೂ ಇರಲಿಲ್ಲ. ಬ್ಯಾಂಕಿನವರು ಅಲ್ಲಿನವರನ್ನು ಬಾಗಿಲಿಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಬೆಂಗಳೂರಿನ ಒಂದು ನಿಧಿ ಸಂಸ್ಥೆ ಇಂಥ ಓಣಿಗಳ ಸಣ್ಣ ಪತ್ತಿನ ಸಂಘಗಳಿಗೆ ಹಣ ಕೊಡುತ್ತಿತ್ತು. ಸಂಘ ಅದನ್ನು ಸೋಲಾರ್ ದೀಪಕ್ಕೆಂದು ಹೆಂಗಸರಿಗೆ ಸಾಲ ಕೊಡಬೇಕು. ಮೊದಲ ಕಂತಿನಲ್ಲಿ ನಲವತ್ತು ಮನೆಗಳಿಗೆ ದೀಪ ಬಂದಿತ್ತು. ಇನ್ನೂರು ಮನೆಗಳು ಎರಡನೇ ಕಂತಿಗಾಗಿ ಕಾಯುತ್ತಿದ್ದವು. ಅದಕ್ಕೆ ಮೊದಲು ನಲವತ್ತನ್ನೂ ಪರೀಕ್ಷಿಸಿ ವರದಿ ಬರೆಯಲು ಸಂಸ್ಥೆ ಕಳಿಸಿದ್ದು ಧಾರವಾಡದ ಈ ಶಂಭುಲಿಂಗನನ್ನು.

ಮೂರು ದಿನ ಅವನು ಮುಂದೆ, ಅವಳು ಪಟ್ಟಿ ಹಿಡಿದು ಹಿಂದೆ. ಎತ್ತರದ ಆಳು; ಗಿಡ್ಡ ಬಾಗಿಲುಗಳಿಗೆ ಮತ್ತೆ ಮತ್ತೆ ಹಣೆ ಬಡಿಸಿಕೊಳ್ಳುತ್ತಿದ್ದ.

"ನಗ್ರಿ, ನಗ್ರಿ. ಬಾಗಲಾ ಸಣ್ಣದು ಇಟ್ಟವ್ರದು ತಪ್ಪು."

"ಎತ್ತರ ಬೆಳದವ್ರದಲ್ಲೇನ್ರಿ?"

ಬ್ಯಾಟರಿಯ ನೀರನ್ನು ಕೊಳವೆಗೆ ಎಳೆದು, ಅದನ್ನು ಬೆಳಕಿಗೆ ಹಿಡಿದು ಅವನು ಅಂಕಿ ಓದುತ್ತಿದ್ದ. ಗಾಜಿನ ಆಚೆ ಅವಳು ನಿಂತಿರುತ್ತಿದ್ದಳು. ಅಂಕಿ ಓದಲು ಅಷ್ಟು ಹೊತ್ತು ಬೇಕಿಲ್ಲವೆಂದು ಅವಳಿಗೆ ಎರಡನೇ ದಿನವೇ ತಿಳಿಯಿತು. ಮೂರನೇ ದಿನ ಅವಳು ಆಚೆ ಸರಿಯಲಿಲ್ಲ.

ನಾಲ್ಕನೇ ದಿನ ಅವನು ನಗಲಿಲ್ಲ.

ರೊಟ್ಟಿ ಮಾರಿ ಬದುಕುವ ಹೊಳೆವ್ವನ ಮನೆಯಲ್ಲಿ ಬ್ಯಾಟರಿಯ ಕಟ್ಟಿಗೆ ಪೆಟ್ಟಿಗೆ ಒಲೆಯಿಂದ ಎರಡು ಮಾರು ದೂರದಲ್ಲಿತ್ತು. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಬ್ಯಾಟರಿಯ ಪಕ್ಕೆಗಳು ಊದಿಕೊಂಡಿದ್ದವು. ಒಳಗೆ ಏನೋ ಸಣ್ಣಗೆ ಕುದಿಯುವ ಸದ್ದು. ಶಂಭುಲಿಂಗ ಉಗುರಿನಿಂದ ಹೊಸ ಚೀಟಿಯನ್ನು ಕೆರೆದ. ಕೆಳಗೆ ಹಳೆಯ ಚೀಟಿಯಿತ್ತು.

ಹೊರಗೆ ಬಂದು ದನಿ ತಗ್ಗಿಸಿದ. "ಇವು ಹೊಸಾವಲ್ರಿ. ಲಾರ್ಯಾಗಿಂದ ತಗದು ಒಗದದ್ದು. ಬಣ್ಣ ಬಳದು ಕೊಟ್ಟಾರ. ಖರೀದಿ ಮಾಡಿದವ್ರು ಯಾರ್ರಿ?"

ಅವಳು ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದಳು. "ಅಧ್ಯಕ್ಷರು. ನೀಲಕಂಠಪ್ಪ. ನಮ್ಮ ಕಾಕಾ."

ಅಪ್ಪ ಸತ್ತಾಗ ಅವಳಿಗೆ ಒಂಬತ್ತು ವರ್ಷ. ಶಾಲೆಗೆ ಕಳಿಸಿದ್ದು, ಧಾರವಾಡದಲ್ಲಿ ಬಿ.ಕಾಂ. ಓದಿಸಿದ್ದು, ಈ ಕುರ್ಚಿಯಲ್ಲಿ ಕೂರಿಸಿದ್ದು ಎಲ್ಲ ಅಪ್ಪನ ತಮ್ಮನಾದ, ಹತ್ತಿ ವ್ಯಾಪಾರದ ಈ ಕಾಕಾನೇ. ಅವನ ಮನೆಯ ಅನ್ನವೇ ಇವತ್ತಿಗೂ.

ಮರುದಿನ ಸುದ್ದಿ ತಿಳಿದು ನೀಲಕಂಠಪ್ಪ ಸಂಘಕ್ಕೆ ಬಂದ. ಶಂಭುಲಿಂಗನಿಗೆ ತಾನೇ ಚಹಾ ಬಗ್ಗಿಸಿ ಕೊಟ್ಟ. ಹಣೆಯ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು. ಮಾತು ಬೆಣ್ಣೆಯ ಹಾಗಿತ್ತು.

"ನಾಕೈದು ಬ್ಯಾಟರಿ ಕೆಟ್ಟಿರಬಹುದು. ಬದ್ಲಿ ಮಾಡೂಣು. ರಿಪೋರ್ಟಿನ್ಯಾಗ ಛಲೋ ಅದಾವ ಅಂತ ಬರೀರಿ, ಇನ್ನೂರು ಮನಿ ಬೆಳಗ್ತಾವ."

"ಹಂಗ ಬರ್ಯಾಕ ಬರೂದಿಲ್ರಿ."

ನೀಲಕಂಠಪ್ಪ ನಕ್ಕ. "ದಿನಾ ಬೈಕ್ ಮ್ಯಾಲೆ ಧಾರವಾಡಕ್ಕ ಹೋಗ್ತೀರಿ, ಹೌದಿಲ್ಲೋ? ಒಬ್ಬಾವ್ರ? ರಸ್ತಾ ಛಲೋ ಇಲ್ರಿ. ಲಾರಿಯವರಿಗೆ ಕಣ್ಣ ಇರೂದಿಲ್ಲ."

ಗೀತಾಂಜಲಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಕಾಕಾ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವನು ಅವಳನ್ನು ಆಗಲೇ ನೋಡಿಯಾಗಿತ್ತು, ಬಾಗಿಲಲ್ಲಿ ಕಾಲಿಟ್ಟ ಕ್ಷಣದಲ್ಲೇ. ಶಂಭುಲಿಂಗನನ್ನು ಅವಳು ಹೇಗೆ ನೋಡುತ್ತಿದ್ದಳೆಂಬುದನ್ನು ಕೂಡ.

ಶನಿವಾರ ಸಂಘದ ಫೋನು ಹೊಡೆದುಕೊಂಡಿತು. ಶಂಭುಲಿಂಗ ಬೇರೆ ಮನೆಯ ಒಂದು ಬ್ಯಾಟರಿಯನ್ನು ಧಾರವಾಡಕ್ಕೆ ಒಯ್ದು ನೋಡಿದ್ದ.

"ಗೀತಾಂಜಲಿಯವರ, ಒಳಗ ಗ್ಯಾಸ್ ತುಂಬಾಕತ್ತೈತ್ರಿ. ಪೆಟಗಿ ಹತ್ರ ಬೆಂಕಿ ಬಂದ್ರ ಸಿಡಿತಾವ. ಎಲ್ಲಾ ಮನಿಗೂ ಇವತ್ತ ಹೇಳ್ರಿ, ಪೆಟಗಿ ತಗದು ಅಂಗಳದಾಗ ಇಡ್ರಿ ಅಂತ. ನಾ ಸೋಮವಾರ ಬಂದು ವಾಯರ್ ಬಿಚ್ಚತೇನಿ." ಆಮೇಲೆ, "ನೀವೂ ದೂರ ಇರ್ರಿ. ನಿಮಗೇನರ ಆದ್ರ ನಾ..." ಎಂದವನು ಮಾತು ಮುಗಿಸದೆ ಫೋನಿಟ್ಟ.

ಆ ಅರ್ಧ ಮಾತು ಅವಳ ಎದೆಯಲ್ಲಿ ಮಲ್ಲಿಗೆಯ ಹಾಗೆ ಬಿರಿಯಬೇಕಿತ್ತು. ಆದರೆ ಅಂದು ಮನೆಯಲ್ಲಿ ಕಾಕಾನಿಗೆ ಹೇಳಿದಾಗ ಅವನು ತಟ್ಟೆಯಿಂದ ತಲೆಯೆತ್ತಲಿಲ್ಲ.

"ಸೋಮವಾರದ ತನಕ ತಡಿ. ಓಣ್ಯಾಗ ಗುಲ್ಲೆದ್ರ ಸಂಘ ಮುಚ್ಚತೈತಿ. ನಿನ್ನ ಸಾಕಿದ್ದು ಈ ದಿನಾ ನೋಡಾಕೇನು?"

ಭಾನುವಾರ ಗೀತಾಂಜಲಿ ಹೊಳೆವ್ವನ ಬಾಗಿಲ ತನಕ ಹೋದಳು. ಹೊಳೆವ್ವ ಚಹಾ ಕೊಟ್ಟಳು, ದೀಪ ಬಂದ ಮೇಲೆ ಸೀಮೆಎಣ್ಣೆಯ ಹೊಗೆಯಿಲ್ಲದೆ ಕೆಮ್ಮು ನಿಂತಿದೆಯೆಂದಳು. ಗೀತಾಂಜಲಿ ಚಹಾ ಕುಡಿದು ಎದ್ದು ಬಂದಳು. ಬರುವಾಗ ಪೆಟ್ಟಿಗೆಯ ಕಡೆ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಶಂಭುಲಿಂಗ ಬೈಕಿನಿಂದ ಇಳಿಯುತ್ತಲೇ ಕೇಳಿದ. "ಎಲ್ಲಾರಿಗೂ ಹೇಳಿದ್ರಿ ಹೌದಿಲ್ರಿ?"

ಕಾಕಾ ಸಂಘದ ಮೆಟ್ಟಿಲ ಮೇಲೆ ನಿಂತಿದ್ದ. ಅವಳು ಹೂಂ ಎಂದು ತಲೆಯಾಡಿಸಿದಳು.

ಅವನು ಅವಳನ್ನು ನಂಬಿ ನಕ್ಕ. ಇಬ್ಬರೂ ಮೊದಲು ಹೊಳೆವ್ವನ ಮನೆಗೆ ಹೋದರು. ಪೆಟ್ಟಿಗೆ ಅಂಗಳದಲ್ಲಿರಲಿಲ್ಲ. ಅವನು ಒಳಗೆ ಬಗ್ಗಿದ. ಹೊಳೆವ್ವ ಒಲೆಯ ಮುಂದೆ ಕೂತು ಕಡ್ಡಿ ಗೀರುತ್ತಿದ್ದಳು. ಅವತ್ತು ಅವನ ಹಣೆ ಬಾಗಿಲಿಗೆ ಬಡಿಯಲಿಲ್ಲ.

"ಹಚ್ಚಬ್ಯಾಡವ್ವಾ!"

ಅವನು ಮುದುಕಿಯನ್ನು ತೋಳಿನಿಂದ ಹಿಂದಕ್ಕೆ ತಳ್ಳಿದ. ಆಮೇಲೆ ಕಿವಿ ಗವ್ವೆನ್ನುವ ಸದ್ದು, ಹೆಂಚಿನ ಚೂರು, ಮೂಗು ಉರಿಸುವ ಹೊಗೆ. ಅವನು ಬ್ಯಾಟರಿಯ ಆಮ್ಲ ಸಿಡಿದ ಮುಖ ಮುಚ್ಚಿಕೊಂಡು ಮೊಣಕಾಲೂರಿದ್ದ. ಗೀತಾಂಜಲಿ ಹಂಡೆಯ ನೀರನ್ನೆಲ್ಲ ಅವನ ಮುಖದ ಮೇಲೆ ಸುರಿದಳು, ಮತ್ತೆ ಮತ್ತೆ ಸುರಿದಳು. ಏನೇನೋ ಕೂಗುತ್ತಿದ್ದಳು. ಅವನನ್ನು ಮೊದಲ ಸಲ ಹೆಸರು ಹಿಡಿದು ಕರೆದದ್ದು ಆಗಲೇ.

ಒಂಬತ್ತನೇ ದಿನ ಮಧ್ಯಾಹ್ನ, ಆಸ್ಪತ್ರೆಯ ವಾರ್ಡಿನಲ್ಲಿ, ಅವನ ಮಂಚದ ಎಡಕ್ಕೆ ಸ್ಟೂಲಿನ ಮೇಲೆ ಅವಳು ಕೂತಿದ್ದಳು. ಅವನ ಎಡಗಣ್ಣಿನ ಮೇಲೆ ದಪ್ಪ ಪಟ್ಟಿ. ಆ ಕಣ್ಣಿಗೆ ದೃಷ್ಟಿ ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

"ಹೊಳೆವ್ವ ಆರಾಮ ಅದಾಳೇನ್ರಿ?" ಎಂದ.

"ಆರಾಮ ಅದಾಳ. ನಾ ಆಕಿ ಮನ್ಯಾಗ ಇದ್ದೇನಿ ಈಗ." ಕಾಕಾ ಅವಳ ಟ್ರಂಕನ್ನು ಬೀದಿಗಿಟ್ಟಿದ್ದ. ನಿಧಿ ಸಂಸ್ಥೆಗೆ ಅವಳು ತನ್ನ ಕೈಯಾರೆ ಪತ್ರ ಬರೆದಿದ್ದಳು. ಬ್ಯಾಟರಿ ಕೊಂಡವರ ಹೆಸರು, ಮುಚ್ಚಿಟ್ಟವರ ಹೆಸರು. ಎರಡನೇ ಕಂತು ನಿಂತಿತ್ತು. ಓಣಿಯ ಕೆಲವು ಹೆಂಗಸರು ಅವಳನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

"ಒಂದ ಮಾತ ಹೇಳಬೇಕ್ರಿ," ಎಂದಳು. "ಅವತ್ತ ನಾ ಯಾರಿಗೂ ಹೇಳಿದ್ದಿಲ್ಲ. ನೀವು ಕೇಳಿದಾಗ ಹೂಂ ಅಂದೆ. ಸುಳ್ಳು ಅದು. ಕಾಕಾಗ ಅಂಜಿದೆ."

ಅವನು ಒಂದೇ ಕಣ್ಣಿನಿಂದ ಚಾವಣಿ ನೋಡಿದ. ಕಾರಿಡಾರಿನಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು.

"ನಿಮ್ಮನ್ನ ಭಾಳ ಹಚಗೊಂಡೇನ್ರಿ," ಎಂದಳು, ತಡೆತಡೆದು. "ಹಚಗೊಂಡೂ ಹಿಂಗ ಮಾಡಿದೆ. ಹೋಗು ಅಂದ್ರ ಹೋಗ್ತೇನಿ."

"ಉಳದ ಮನಿ?"

"ಎಲ್ಲಾ ವಾಯರ್ ಬಿಚ್ಚೇನ್ರಿ. ನಾನ."

ಅವನು ಮಂಚದ ಮೇಲೆ ಕೈ ಚಾಚಿ ಅವಳ ಕೈ ಹುಡುಕಿದ. ಬೆರಳ ತುದಿಗಳು ಆಮ್ಲ ತಾಗಿ ಸುಟ್ಟು ಒರಟಾಗಿದ್ದವು. ಅವನ ಹೆಬ್ಬೆರಳು ಒಂದೊಂದು ಗಾಯದ ಮೇಲೂ ನಿಂತು ಮುಂದೆ ಹೋಯಿತು. ಅವನ ಮುಖದಲ್ಲಿ ಸಿಟ್ಟಿತ್ತು. ಅದು ಬೇಗ ಹೋಗುವಂಥದ್ದಲ್ಲವೆಂದು ಅವಳಿಗೆ ಗೊತ್ತಾಯಿತು. ಆದರೆ ಅವನು ಕೈ ಬಿಡಲಿಲ್ಲ.

"ಗೀತಾ," ಎಂದ. "ಈ ಕಡೆ ಬಂದು ಕೂಡು. ಅಲ್ಲೆ ಕೂತ್ರ ನೀ ನನಗ ಕಾಣೂದಿಲ್ಲ."

ಅವಳು ಎದ್ದು, ಸ್ಟೂಲನ್ನು ಎತ್ತಿಕೊಂಡು, ಮಂಚ ಸುತ್ತಿ ಅವನ ಬಲಕ್ಕೆ ಬಂದು ಕೂತಳು.