ಮೂರನೇ ಎಕ್ಸ್‌ರೇ

ತಿಪಟೂರಿನಲ್ಲಿ ಒಂದೇ ಹಲ್ಲಿಗೆ ಮೂರು ಸಲ ಎಕ್ಸ್‌ರೇ ತೆಗೆಸಿಕೊಂಡ ಹೀರೋ ಯಾರು ಅಂತ ಕೇಳಿ ನೋಡಿ. ನಾನೇ, ಜ್ಞಾನೇಶ್. ಕೊಬ್ಬರಿ ಮಂಡಿ ನಂಜುಂಡಪ್ಪನವರ ಮಗ. ಡಾಕ್ಟರ ಎದುರು ಎದೆ ಕೊಟ್ಟು ನಿಂತು ಒಂದು ಹುಡುಗಿಯ ಕೆಲಸ ಉಳಿಸಿದವನೂ ನಾನೇ. ಗೆಳೆಯರಿಗೆ ಈ ಕಥೆ ಹೇಳುವಾಗ ಹಿನ್ನೆಲೆ ಸಂಗೀತವನ್ನೂ ಬಾಯಲ್ಲೇ ಬಾರಿಸುತ್ತೇನೆ.

ಕೆಳದವಡೆಯ ಕೊನೆಯ ಹಲ್ಲು ಅಡ್ಡ ಬೆಳೆದಿತ್ತು. ಗಂಗಾಧರಯ್ಯ ಡಾಕ್ಟರು ನೋಡಿ, ಕೀಳಲೇಬೇಕು, ಆದರೆ ಬೇರಿನ ತುದಿ ಮತ್ತು ಅದರ ಕೆಳಗಿನ ನರ ಸ್ಪಷ್ಟವಾಗಿ ಕಾಣದೆ ಮುಟ್ಟುವುದಿಲ್ಲ ಎಂದರು. ಕೀಳುವ ದಿನ ಒಳಗಿನ ಕೋಣೆಯಲ್ಲಿ ಎಕ್ಸ್‌ರೇ ತೆಗೆಯಲು ಯೋಗಿತಾ ಇದ್ದಳು. ತುರುವೇಕೆರೆ ಕಡೆಯ ದಂಡಿನಶಿವರದವಳು. ಅರ್ಧ ಮುಖ ಮಾಸ್ಕಿನೊಳಗೆ. ಉಳಿದರ್ಧಕ್ಕೇ ನಾನು ಫ್ಲಾಟ್.

ನಾಲಗೆಯ ಪಕ್ಕ ಪುಟ್ಟ ಫಿಲ್ಮ್ ಇಟ್ಟು, ಎರಡು ಬೆರಳಲ್ಲಿ ನನ್ನ ಗದ್ದ ಎತ್ತಿ, ಅಲ್ಲಾಡಬೇಡಿ ಎಂದಳು. ಬೆರಳು ತೆಗೆದ ಮೇಲೂ ಗದ್ದ ಅಲ್ಲೇ ಇತ್ತು. ಇಷ್ಟು ಬೇಗ ಮುಗಿದುಹೋದರೆ? ಅವಳು ಬಾಗಿಲಾಚೆ ಹೋಗಿ ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ಕತ್ತು ವಾಲಿಸಿದೆ.

ಚಿತ್ರ ಮಸುಕು. ಮತ್ತೆ ಬೆರಳು, ಮತ್ತೆ ಗದ್ದ. ಎರಡನೆಯದರಲ್ಲಿ ಬೇರಿನ ತುದಿಯೇ ಕಟ್.

“ಕೊಬ್ಬರಿ ಒಣಗೈತಾ ಅಂತ ಕಿವಿ ಹತ್ರ ಕಾಯಿ ಅಲ್ಲಾಡ್ಸಿ ನೋಡ್ತಾರಲ್ಲ, ಹಂಗೆ ಅಲ್ಲಾಡ್ತೀರಲ್ರೀ ನೀವು,” ಎಂದಳು.

“ಒಣಗಿಲ್ಲ ಕಣ್ರೀ. ಒಳಗಿನ್ನೂ ಎಳನೀರೈತೆ.”

ಮಾಸ್ಕಿನ ಮೇಲೆ ಕಣ್ಣು ಸಣ್ಣಗಾದವು. ನಕ್ಕಿದ್ದಳು.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೇರಿ ಎರಡೇ ತಿಂಗಳು, ಮೂರನೆಯದು ಮುಗಿಯುವವರೆಗೆ ಕೆಲಸ ಗ್ಯಾರಂಟಿ ಇಲ್ಲ ಎಂದಳು. ಎಕ್ಸ್‌ರೇ ಕೆಟ್ಟರೆ ಪೇಷಂಟಿನ ಮೇಲೆ ಸುಮ್ಮನೆ ಇನ್ನೊಂದು ಸಲ ಕಿರಣ ಬೀಳುತ್ತದೆ, ಡಾಕ್ಟರು ಅದನ್ನು ಸಹಿಸುವುದಿಲ್ಲವಂತೆ.

ಮೂರನೆಯ ಸಲ ನಾನು ರೆಪ್ಪೆ ಕೂಡ ಬಡಿಯಲಿಲ್ಲ. ಎರಡೂ ಬೇರು ತುದಿಯವರೆಗೆ ಬಂದಿದ್ದವು, ಕೆಳಗೆ ನರದ ದಾರಿ ಗೆರೆ ಎಳೆದ ಹಾಗೆ. ಅವಳು ಅದನ್ನು ಬೆಳಕಿಗೆ ಹಿಡಿದು, ತಾನೇ ಬರೆದ ಚಿತ್ರದಂತೆ ನೋಡಿದಳು. ನಾನು ಅವಳನ್ನು ನೋಡಿದೆ.

ಆಮೇಲೆ ಕ್ಲೈಮ್ಯಾಕ್ಸ್. ಡಾಕ್ಟರು ಮೂರನ್ನೂ ಪಕ್ಕಪಕ್ಕ ಇಟ್ಟು ಅವಳನ್ನು ಕರೆದರು. ನಾನು ಕುರ್ಚಿಯಿಂದ ಎದ್ದು, ಅಡ್ಡ ನಿಂತು, ತಪ್ಪು ನನ್ನದು ಎಂದೆ. ಗೆಳೆಯರು ಇಲ್ಲಿ ಶಿಳ್ಳೆ ಹೊಡೆಯುತ್ತಾರೆ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ನಾನು ಏಳಲೇ ಇಲ್ಲ. ಹಲ್ಲು ಕೀಳುವ ದಿನವೆಂದು ಅಪ್ಪನೂ ಬಂದು ಪಕ್ಕದಲ್ಲಿ ಕೂತಿದ್ದರು.

“ನೀನೇನಾದ್ರೂ ಅಲ್ಲಾಡಿದ್ಯೇನಪ್ಪಾ?” ಎಂದು ಡಾಕ್ಟರು ಕೇಳಿದರು.

ಹೌದೆಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದನ್ನು ಅಪ್ಪನ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ.

“ಇಲ್ಲ ಸಾರ್.”

ಯೋಗಿತಾ ನನ್ನನ್ನೊಮ್ಮೆ ನೋಡಿದಳು, ಅಷ್ಟೇ. ಹಲ್ಲು ಸಲೀಸಾಗಿ ಬಂತು, ಆ ಮೂರನೇ ಎಕ್ಸ್‌ರೇ ಅಷ್ಟು ಚೆನ್ನಾಗಿತ್ತು.

ವಾರದ ಮೇಲೆ ಹೊಲಿಗೆ ಬಿಚ್ಚಿಸಲು ಹೋದಾಗ ಒಳಗಿನ ಕೋಣೆಯಲ್ಲಿ ಬೇರೆ ಯಾರೋ ಇದ್ದರು. ಅವಳು ತನ್ನ ಸರ್ಟಿಫಿಕೇಟುಗಳನ್ನು ವಾಪಸ್ ಪಡೆದು ಹೊರಬರುತ್ತಿದ್ದಳು. ಮಾಸ್ಕಿಲ್ಲದ ಮುಖವನ್ನು ಮೊದಲ ಸಲ ಕಂಡೆ. ಏನಾದರೂ ಹೇಳಲು ಬಾಯಿ ತೆರೆದೆ.

“ನೀವು ಬೇಕಂತ್ಲೇ ಅಲ್ಲಾಡಿದ್ದು ನಂಗೆ ಅವತ್ತೇ ಗೊತ್ತಿತ್ತು,” ಎಂದಳು. “ಇಷ್ಟ ಆಗಿತ್ತು, ಅದಕ್ಕೇ ಸುಮ್ನಿದ್ದೆ. ಡಾಕ್ಟ್ರು ಕೇಳ್ದಾಗ ನೀವೇ ಹೇಳ್ತೀರ ಅಂತ ಕಾಯ್ದೆ ಕಣ್ರೀ.”

ತುರುವೇಕೆರೆ ಬಸ್ಸಿಗೆ ನಡೆದುಹೋದಳು. ಡಾಕ್ಟರ ಕೋಣೆಯ ಬಾಗಿಲು ನನ್ನಿಂದ ಹತ್ತು ಹೆಜ್ಜೆ. ತೆರೆದೇ ಇತ್ತು, ಒಳಗೆ ಅವರೊಬ್ಬರೇ ಇದ್ದರು, ಅಪ್ಪ ಅವತ್ತು ಬಂದಿರಲಿಲ್ಲ.

ನಾನು ಬೈಕ್ ಹತ್ತಿ ಮಂಡಿಗೆ ಹೋದೆ.