ಉಂಗುರ ಕರಗಿದ ದಿನ

ಲೇಪದ ದ್ರಾವಣ ತುಂಬಿದ ಗಾಜಿನ ಜಾಡಿಯಿಂದ ಅವಳು ತಂತಿಯನ್ನು ಮೇಲೆತ್ತಿ, ತುದಿಯನ್ನು ಕಣ್ಣಿನ ಹತ್ತಿರ ತಂದಳು.

ಬೆಳಿಗ್ಗೆ ಒಳಗಿಟ್ಟಿದ್ದು ದಪ್ಪನೆಯ ಬೆಳ್ಳಿ ಉಂಗುರ. ಈಗ ತಂತಿಯ ತುದಿಯಲ್ಲಿ ನೇತಾಡುತ್ತಿದ್ದದ್ದು ದಾರದಷ್ಟು ತೆಳ್ಳಗಿನ ಒಂದು ಸುತ್ತು!

ಅದೂ ಯಾರ ಎದುರಿಗೆ? ಉಂಗುರ ತಂದುಕೊಟ್ಟವನು ಮೇಜಿನ ಆಚೆಯೇ ನಿಂತಿದ್ದ.

"ಇದು... ನಮ್ಮಮ್ಮನ ಉಂಗುರಾನಾ?"

ಅವಳ ಕಣ್ಣು ತಾನಾಗಿಯೇ ತಂತಿಗಳ ಕಡೆ ಹೋಯಿತು. ಕೆಂಪು ತಂತಿ ಉಂಗುರಕ್ಕೆ, ಕಪ್ಪು ತಂತಿ ಎದುರಿನ ಬೆಳ್ಳಿ ತಗಡಿಗೆ. ಉಲ್ಟಾ. ಬೆಳಗಿನಿಂದಲೂ ಉಲ್ಟಾ...

ಸೋದರಮಾವನ ಲೇಪದ ಅಂಗಡಿಯಲ್ಲಿ ಅವಳಿಗೆ ಇದು ಒಂಬತ್ತನೆಯ ವರ್ಷ. ಚಮಚ, ತಟ್ಟೆ, ಬಹುಮಾನದ ಕಪ್ಪು ಎಂದು ಸಾವಿರಾರು ಸಾಮಾನುಗಳಿಗೆ ಬೆಳ್ಳಿಯ ಲೇಪ ಕೊಟ್ಟವಳು. ಒಂದನ್ನೂ ಕೆಡಿಸಿದವಳಲ್ಲ. ಮನೆಯಲ್ಲೂ ಅಂಗಡಿಯಲ್ಲೂ ಅವಳನ್ನು ಕರೆಯುವುದು ಚಿನ್ನಿ ಎಂದು. ದಿನವಿಡೀ ಬೆಳ್ಳಿಯಲ್ಲಿ ಕೈಯಾಡಿಸುವವಳಿಗೆ ಇದೆಂಥ ಹೆಸರೋ ಎಂದು ಮಾವನೇ ನಗುತ್ತಿದ್ದ.

ಎದುರಿಗೆ ನಿಂತವನು ಅದೇ ಬೀದಿಯ ಮೂರನೆಯ ಅಂಗಡಿಯ ಅಕ್ಷರ ಕೆತ್ತುವವನು. ಬಹುಮಾನದ ಕಪ್ಪುಗಳ ಮೇಲೆ ಗೆದ್ದವರ ಹೆಸರು ಕೆತ್ತಿ ಲೇಪಕ್ಕೆಂದು ಇಲ್ಲಿಗೆ ತರುತ್ತಿದ್ದ. ಬೀದಿಯವರು ಅವನಿಗಿಟ್ಟ ಹೆಸರು ಮೌನಿ. ದಿನಕ್ಕೆ ನೂರು ಅಕ್ಷರ ಕೆತ್ತುವ ಪುಣ್ಯಾತ್ಮನ ಬಾಯಿಂದ ಹತ್ತು ಮಾತು ಬಂದರೆ ಹೆಚ್ಚು!

ಆ ಹತ್ತು ಮಾತಿಗಾಗಿಯೇ ಎರಡು ವರ್ಷದಿಂದ ಚಿನ್ನಿ ಬಾಗಿಲ ಕಡೆ ನೋಡುತ್ತಿದ್ದಳು. ಅದನ್ನು ಅವನಿಗೆ ಹೇಳಿದವರು ಯಾರು? ಯಾರೂ ಇಲ್ಲ.

ಇವತ್ತು ಬೆಳಿಗ್ಗೆ ಅವನು ಉಂಗುರವನ್ನು ಮೇಜಿನ ಮೇಲಿಟ್ಟು, ಅವಳ ಮುಖ ನೋಡದೆ ಹೇಳಿದ್ದ: "ಅಮ್ಮನದು, ಮಾಸಿಹೋಗಿದೆ. ಮದುವೆ ಆಗೋ ಹುಡುಗಿಗೆ ಕೊಡ್ಬೇಕು. ಒಳಗೆ ಹೆಸರು ಕೆತ್ತಿದ್ದೀನಿ. ನೋಡಿ, ಸಂಜೆ ಹೇಳಿ."

ಮದುವೆ ಆಗೋ ಹುಡುಗಿ! ಚಿನ್ನಿ ಉಂಗುರವನ್ನು ಸರಕ್ಕನೆ ಎಳೆದುಕೊಂಡಳು.

'ಯಾವಳ ಹೆಸರಾದರೆ ನನಗೇನು? ನಾನು ಯಾಕೆ ನೋಡಲಿ?'

ಹಟ ಅಂದರೆ ಹಟ. ಮುಖ ಆಚೆ ತಿರುಗಿಸಿಕೊಂಡೇ ಉಂಗುರವನ್ನು ತಂತಿಗೆ ಸಿಕ್ಕಿಸಿದಳು. ಮಾಸಿದ ಬೆಳ್ಳಿಯಾದರೆ ಮೊದಲು ಅರ್ಧ ನಿಮಿಷ ತಂತಿಗಳನ್ನು ಉಲ್ಟಾ ಕೊಟ್ಟು ಮೇಲಿನ ಕೊಳೆ ಬಿಡಿಸುವುದು ವಾಡಿಕೆ. ಉಲ್ಟಾ ಕೊಟ್ಟಳು. ಕಣ್ಣು ತುಂಬಿತು. ಮುಖ ತೊಳೆಯಲು ಹಿತ್ತಿಲಿಗೆ ಹೋದಳು. ತಂತಿಗಳನ್ನು ಮತ್ತೆ ಸರಿಪಡಿಸುವುದು ನೆನಪಾದದ್ದು ಈಗ, ಸಂಜೆ ನಾಲ್ಕಕ್ಕೆ.

"ನಾನು ಬೇಕಂತ ಮಾಡಿದ್ದಲ್ಲ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವನು ಆ ಸುತ್ತನ್ನು ಬೆಳಕಿಗೆ ಹಿಡಿದು ಒಳಬದಿ ನೋಡಿದ. ಒಂದು ಗೆರೆಯೂ ಉಳಿದಿರಲಿಲ್ಲ.

"ಇಷ್ಟ ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಆಗಿತ್ತು. ಹೀಗೆ ಅಳಿಸಿಹಾಕ್ಬೇಕಿತ್ತಾ?"

ಅಷ್ಟೇ. ಉಂಗುರವನ್ನು ಮೇಜಿನ ಮೇಲಿಟ್ಟು ಹೊರಟೇಹೋದ.

ಚಿನ್ನಿ ಆ ಸುತ್ತನ್ನು ಕೈಗೆತ್ತಿಕೊಂಡಳು. ಅಯ್ಯೋ, ನನ್ನ ಹೊಟ್ಟೆಕಿಚ್ಚು ಇವನಿಗೆ ಗೊತ್ತಾಗಿಬಿಟ್ಟಿದೆ! ಅವನ ಮದುವೆ ಇಷ್ಟವಿಲ್ಲದೆ ಉಂಗುರ ಕೆಡಿಸಿದೆ ಅಂದುಕೊಂಡಿದ್ದಾನೆ...

ಒಳಗಿನಿಂದ ಬಂದ ಮಾವ ಜಾಡಿ ನೋಡಿದ, ತಂತಿ ನೋಡಿದ, ಅವಳ ಮುಖ ನೋಡಿದ. ಬೈಯಲಿಲ್ಲ. ಹೊಸಬರಿಗೆ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಬೆಳ್ಳಿ ಎಲ್ಲಿಗೆ ಹೋಯ್ತು ಹೇಳು ನೋಡೋಣ."

"ಮಾವ, ಈಗ ಬೇಡ..."

"ಈಗ್ಲೇ ಹೇಳ್ಬೇಕು."

ಅವಳು ಮೂಗು ಒರೆಸಿಕೊಂಡಳು. "ಬೆಳ್ಳಿಯ ಒಂದು ಪರಮಾಣುವಿನಲ್ಲಿ ನಲವತ್ತೇಳು ಎಲೆಕ್ಟ್ರಾನ್. ಕೆಂಪು ತಂತಿ ಅದ್ರಿಂದ ಒಂದನ್ನ ಎಳ್ಕೊಳ್ಳುತ್ತೆ. ಒಂದು ಹೋದ್ರೆ ಸಾಕು, ಅದು ಅಯಾನು. ಧನ ಆವೇಶ ಬರುತ್ತೆ, ಕಣ್ಣಿಗೆ ಕಾಣದ ಹಾಗೆ ನೀರಿಗೆ ಇಳಿಯುತ್ತೆ."

"ಆಮೇಲೆ?"

"ಆಚೆ ತಗಡಿನ ಹತ್ರ ಕಳ್ಕೊಂಡ ಎಲೆಕ್ಟ್ರಾನ್ ಸಿಗುತ್ತೆ. ಮತ್ತೆ ಬೆಳ್ಳಿಯಾಗಿ ಅಲ್ಲೇ ಅಂಟ್ಕೊಳ್ಳುತ್ತೆ."

"ಅಂದ್ರೆ ಎಲ್ಲೂ ಕಳೆದುಹೋಗಿಲ್ಲ. ತಗಡಿನ ಮೇಲೆ ಕೂತಿದೆ. ನೀನು ಇಲ್ಲಿ ಅಳ್ತಾ ಕೂತ್ರೆ ವಾಪಸ್ ಬರುತ್ತೇನೇ? ತಂತಿ ಬದಲಾಯಿಸು."

ಬದಲಾಯಿಸಿದಳು, ವಿದ್ಯುತ್ತನ್ನೂ ಹೆಚ್ಚಿಸಿದಳು. ಈ ಸಲ ಜಾಡಿಯ ಮುಂದಿನಿಂದ ಏಳಲಿಲ್ಲ. ಒಂದೊಂದು ಅಯಾನೂ ತನ್ನ ಒಂದು ಎಲೆಕ್ಟ್ರಾನನ್ನು ಪಡೆದು ಉಂಗುರಕ್ಕೆ ಮರಳುವುದು ಕಣ್ಣಿಗೆ ಕಾಣುವುದಿಲ್ಲ. ಆದರೂ ಕಣ್ಣು ಮಿಟುಕಿಸದೆ ನೋಡಿದಳು. ಎರಡು ಗಂಟೆಯಲ್ಲಿ ಸುತ್ತು ದಪ್ಪವಾಯಿತು. ಒರಟಾಗಿ, ತುಸು ಉಬ್ಬುತಗ್ಗಾಗಿ, ಬೆಳ್ಳಗೆ. ತೊಳೆದು, ಉಜ್ಜಿ, ಹತ್ತಿಯಲ್ಲಿ ಸುತ್ತಿಕೊಂಡು ಹೊರಟಳು.

ಮೌನಿಯ ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಮುಂದೆ ಒಂದು ಬಹುಮಾನದ ಕಪ್ಪು, ಕೈಯಲ್ಲಿ ಉಳಿ, ಆದರೆ ಕೈ ಆಡುತ್ತಿರಲಿಲ್ಲ.

"ಬೆಳ್ಳಿ ವಾಪಸ್ ತಂದಿದ್ದೀನಿ" ಎಂದು ಉಂಗುರ ಮುಂದಿಟ್ಟಳು. "ನಿಮ್ಮಮ್ಮಂದೇ. ಬೇರೆ ಬೆಳ್ಳಿ ಸೇರಿದ್ರೂ ಒಂದು ಚೂರು ಸೇರಿರ್ಬಹುದು. ನನ್ನ ತಪ್ಪು, ಕ್ಷಮಿಸಿ. ನಿಮ್ಮ ಹುಡುಗೀಗೆ ಕೊಡಿ."

"ಹೆಸರಿಲ್ಲದ ಉಂಗುರ ಯಾರಿಗೆ ಕೊಡ್ಲಿ?"

"ಮತ್ತೆ ಕೆತ್ತಿದ್ರಾಯ್ತು. ಯಾರ ಹೆಸರಿತ್ತು?"

ಅವನು ತಲೆಯೆತ್ತಿದ. "ನೀವು... ನೋಡಲೇ ಇಲ್ವಾ?"

"ಇಲ್ಲ."

"ನೋಡಿ ಅಂತ ಹೇಳಿದ್ದೆ ಅಲ್ವಾ?"

"ನೋಡ್ಬಾರ್ದು ಅಂತ ಮುಖ ತಿರುಗಿಸ್ಕೊಂಡೇ ಹಾಕಿದೆ" ಎಂದವಳೇ ತುಟಿ ಕಚ್ಚಿಕೊಂಡಳು.

ಎಷ್ಟಾದರೂ ಮೌನಿ. ಮೇಜಿನ ಖಾನೆ ಎಳೆದು ಒಂದು ಹಿತ್ತಾಳೆ ಪಟ್ಟಿಯನ್ನು ಅವಳ ಕಡೆ ಸರಿಸಿದ. ಕೆತ್ತುವವರು ಒಳ್ಳೆಯ ಸಾಮಾನಿಗೆ ಉಳಿ ಹಚ್ಚುವ ಮೊದಲು ಕೈ ಪಳಗಿಸಿಕೊಳ್ಳಲು ಬಳಸುವ ರದ್ದಿ ಪಟ್ಟಿ ಅದು.

ಪಟ್ಟಿಯ ತುಂಬ ಒಂದೇ ಹೆಸರು. ದೊಡ್ಡದಾಗಿ, ಸಣ್ಣದಾಗಿ, ಉಂಗುರದೊಳಗೆ ಹಿಡಿಯುವಷ್ಟು ಪುಟ್ಟದಾಗಿ... ನಲವತ್ತು ಸಲವಾದರೂ ಇರಬೇಕು.

ಚಿನ್ನಿ. ಚಿನ್ನಿ. ಚಿನ್ನಿ.

ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಎದುರಿಗೆ 'ಮೇಡಂ' ಬಿಟ್ಟು ಇನ್ನೊಂದು ಹೆಸರಿನಿಂದ ಕರೆಯದವನು! ಮಾವನ ಬಾಯಲ್ಲಿ ಕೇಳಿದ ಹೆಸರನ್ನು ಇಷ್ಟು ಸಲ... ಹಾಗಾದರೆ ಬೆಳಗಿನಿಂದ ಸಂಜೆಯವರೆಗೆ ನಾನು ಕರಗಿಸಿದ್ದು ನನ್ನದೇ ಹೆಸರು!

"ಸಂಜೆ ಬಂದು ನೋಡ್ದಾಗ" ಅವನು ನಿಧಾನವಾಗಿ ಹೇಳಿದ, "ಅದೇ ನಿಮ್ಮ ಉತ್ತರ ಅಂದ್ಕೊಂಡೆ."

"ಬೇರೆ ಯಾರೋ ಹುಡುಗಿ ಅಂದ್ಕೊಂಡೆ ನಾನು. ಅಳ್ತಾ ಕೂತಿದ್ದಕ್ಕೇ ತಂತಿ ಮರೆತುಹೋಯ್ತು." ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಅವಳ ಕೆನ್ನೆಯ ಮೇಲೆ ನೀರು ಇಳಿಯಿತು.

"ಅಷ್ಟೊಂದು ಹೊಟ್ಟೆಕಿಚ್ಚಾ?"

"ಉಂಗುರ ನೋಡಿದ್ರೆ ಗೊತ್ತಾಗ್ಲಿಲ್ವಾ?"

ಮೌನಿ ನಕ್ಕುಬಿಟ್ಟ. ಎರಡು ವರ್ಷದಲ್ಲಿ ಅವಳು ಆ ನಗು ನೋಡಿದ್ದು ಇದೇ ಮೊದಲು.

ಅವನು ಉಂಗುರವನ್ನು ಮರದ ಇಕ್ಕಳದಲ್ಲಿ ಬಿಗಿದು, ಸಣ್ಣ ಉಳಿ ತೆಗೆದುಕೊಂಡ. ಮತ್ತೆ ಕೆಳಗಿಟ್ಟ. "ಇವತ್ತು ಬೇಡ. ಕೈ ನಡುಗ್ತಿದೆ."

"ನಡುಗಿದ್ರೆ ನಡುಗ್ಲಿ. ಈಗ್ಲೇ ಕೆತ್ತಿ."

ಕೆತ್ತಿದ. ಒತ್ತಕ್ಷರ ತುಸು ವಾರೆಯಾಯಿತು. ಊದಿ, ಬಟ್ಟೆಯಲ್ಲಿ ಒರೆಸಿ, ಅವಳ ಅಂಗೈಯಲ್ಲಿಟ್ಟ.

ಈ ಸಲ ಅವಳು ಮುಖ ತಿರುಗಿಸಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗಿನ ಅಕ್ಷರವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಓದಿದ್ರಾ?"

"ಓದಿದೆ."

"ಸಂಜೆ ಹೇಳಿ ಅಂದಿದ್ದೆ."

"ಸಂಜೆ ಆಗಿದೆಯಲ್ಲಾ" ಎಂದು ಅವಳು ಉಂಗುರವನ್ನು ಅವನ ಕೈಗೆ ಕೊಟ್ಟು, ತನ್ನ ಬೆರಳನ್ನು ಮುಂದೆ ಹಿಡಿದಳು. "ತೊಡಿಸಿ."