ಒಂದು ಚಿಟಿಕೆ ಪುಡಿ

ಅವಳು ಕೊಟ್ಟಿಗೆಯ ಬಾಗಿಲು ತೆಗೆದಳು. ಮೂರನೆಯ ಕರುವೂ ಕಾಲು ಚಾಚಿ ಮಲಗಿತ್ತು—ಎಬ್ಬಿಸಿದರೂ ಏಳಲಿಲ್ಲ.

ಡೇರಿಯ ಕರುಗಳನ್ನು ನೋಡಿಕೊಳ್ಳುವವಳು ಅವಳು. ಡೇರಿಯ ಯೋಜನೆಯೊಂದಕ್ಕೆ ವಿಜ್ಞಾನಿಯೊಬ್ಬ ತಂದ ಹೊಸ ಪುಡಿಯನ್ನು ಮೇವಿಗೆ ಕಲಸಿದವನು ಅವಳ ಗಂಡ. ಕರುಗಳ ಹೊಟ್ಟೆಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ ಅದರಲ್ಲಿದೆಯಂತೆ. ಬೆರಳಲ್ಲಿ ಗಾಯವಿದ್ದ ಗಂಡ ಈಗ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾನೆ. ಯಾವ ಔಷಧಿಗೂ ಜ್ವರ ಜಗ್ಗುತ್ತಿಲ್ಲ.

ತನಿಖೆಗೆ ಬಂದ ಮೇಡಂ ಡೇರಿಯ ಆಫೀಸಿನಲ್ಲಿ ಕೂರದೆ, ಗೋಡೆಯ ಫೋಟೋಗಳನ್ನು ನೋಡುತ್ತಲೇ ಪ್ರಶ್ನೆ ಕೇಳಿದರು.

"ಬಕೆಟ್ ಗಲೀಜಾಗಿತ್ತಾ?"

"ಇಲ್ಲ ಮೇಡಂ. ಪುಡಿ ಕಲಸೋಕೆ ಮುಂಚೆ ಬೇರೆ ಕರುಗಳಿಗೂ ಅದೇ ಬಕೆಟಲ್ಲಿ ಹಾಕಿದ್ವಿ. ಅವೆಲ್ಲ ಚೆನ್ನಾಗೇ ಇವೆ."

"ಹಾಗಾದ್ರೆ ಸ್ಟೋರಲ್ಲಿ ಕೆಟ್ಟಿರಬೇಕು," ಎಂದ ಅಲ್ಲೇ ಕೂತಿದ್ದ ವಿಜ್ಞಾನಿ. ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ಆಸಾಮಿ ಎತ್ತಿದ ಕೈ.

ಸ್ಟೋರಿನವನು ಸಿಡುಕಿದ. "ಆ ಚೀಲ ಸ್ಟೋರಿನ ಮುಖಾನೇ ನೋಡಿಲ್ಲ ಸಾರ್. ನೀವೇ ತಂದು ಕೊಟ್ಟಿಗೇಲೇ ಬಿಚ್ಚಿದ್ರಿ."

"ಬಿಚ್ಚಿದೆ. ಮಾಸ್ಕು, ಗ್ಲೌಸು ಹಾಕ್ಕೊಂಡೇ ಬಿಚ್ಚಿದೆ. ನನ್ನಿಂದ ಕೊಳೆ ಸೇರೋ ಮಾತೇ ಇಲ್ಲ."

"ಈ ಬ್ಯಾಕ್ಟೀರಿಯಾದ ಜೀನೋಮ್, ಅಂದ್ರೆ ಅದರ ಪೂರ್ತಿ ವಂಶವಾಹಿ, ಲ್ಯಾಬಲ್ಲಿ ಓದಿಸಿದ್ರಾ?" ಎಂದರು ಮೇಡಂ.

"ಕಳಿಸಿದೀನಿ. ವರದಿ ಇನ್ನೂ ಬಂದಿಲ್ಲ. ಮೊದಲು ಕೊಡ್ತಿದ್ದ ಪುಡಿಯ ಹಳೇ ತಳಿ ಥರಾನೇ ಇದೆ ಅಂತ ಕೊಟ್ಟೆ."

ಅವಳು ಕಾಯುತ್ತಿದ್ದುದೂ ಅದಕ್ಕೇ. ಆ ವರದಿ ಸಿಕ್ಕರೆ ಯಾವ ಔಷಧಿ ನಾಟುತ್ತದೆಂದು ಹೇಳಬಹುದು ಎಂದಿದ್ದರು ಡಾಕ್ಟರು. ಹೊಸದಾಗಿ ಓದಿಸುವಷ್ಟು ದಿನ ಗಂಡ ಉಳಿಯುವ ನಂಬಿಕೆ ಯಾರಿಗೂ ಇರಲಿಲ್ಲ.

ಮೇಡಂ ಒಂದು ಫೋಟೋದ ಮುಂದೆ ನಿಂತರು. ವಿಜ್ಞಾನಿ ನಗುತ್ತ, ಬರಿಗೈಯಲ್ಲಿ ಚಿಟಿಕೆ ಪುಡಿಯನ್ನು ನಾಲಿಗೆಗೆ ಹಾಕಿಕೊಳ್ಳುತ್ತಿದ್ದ.

"ಇದು?"

"ಹಳೇ ಪುಡಿ ಮೇಡಂ," ಎಂದಳು ಅವಳು. "ಕರು ತಿನ್ನೋದನ್ನ ನಾನೂ ತಿಂತೀನಿ ಅಂತ ಪ್ರತಿ ಸಲ ತೋರಿಸ್ತಿದ್ರು."

"ಈ ಸಲ?"

"ಇಲ್ಲ. ಚೀಲ ಬಿಚ್ಚಿ ದೂರ ನಿಂತಿದ್ರು."

ಮೇಡಂ ವಿಜ್ಞಾನಿಯತ್ತ ತಿರುಗಿದರು.

"ಹಳೇ ಥರದ್ದೇ ಅಂತ ನಂಬಿದ್ರೆ ಈ ಸಲಾನೂ ತಿಂತಿದ್ರಿ. ಗ್ಲೌಸು ಹಾಕಿದ್ದು ಪುಡಿಗೆ ಕೊಳೆ ಸೇರದಿರಲಿ ಅಂತಲ್ಲ—ಪುಡಿ ನಿಮಗೆ ಸೋಕದಿರಲಿ ಅಂತ. ಅದರ ಜೀನೋಮಲ್ಲಿ ವಿಷ ಹುಟ್ಟಿಸೋ ಗುಣ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ವರದಿ ಬಂದಿದೆ, ಅಲ್ವಾ?"

ವಿಜ್ಞಾನಿ ಜೇಬಿನ ಫೋನಿನ ಮೇಲೆ ಕೈ ಇಟ್ಟುಕೊಂಡ.

"ಇಷ್ಟು ಮಾಡುತ್ತೆ ಅಂದ್ಕೊಂಡಿರಲಿಲ್ಲ... ಹೇಳಿದ್ರೆ ಯೋಜನೇನೇ ನಿಂತುಹೋಗ್ತಿತ್ತು."

ವರದಿ ಅವನ ಫೋನಿನಲ್ಲೇ ಇತ್ತು. ಮೇಡಂ ಫೋನು ಕಿತ್ತುಕೊಂಡು ವರದಿಯನ್ನು ಆಸ್ಪತ್ರೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಡಾಕ್ಟರ ಕರೆ ಬಂತು—ನಾಟುವ ಔಷಧಿ ಒಂದಿದೆ, ಈಗಲೇ ಶುರು ಮಾಡುತ್ತೇವೆ, ಉಳಿಯುತ್ತಾನೋ ಇಲ್ಲವೋ ಈಗಲೇ ಹೇಳಲಾರೆವು.

ಅವಳು ಆಸ್ಪತ್ರೆಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ನಮ್ಮನೆಯವರು ಬರಿಗೈಲಿ ಕಲಸೋದನ್ನ ನೀವು ನೋಡ್ತಾನೇ ನಿಂತಿದ್ರಿ ಸಾರ್," ಎಂದಳು. "ಅವರಿಗೂ ಒಂದು ಜೊತೆ ಗ್ಲೌಸು ಕೊಡೋಕೆ ನಿಮಗೇನಾಗಿತ್ತು?"